ಮುರಿಯದ ಮೂವತ್ತೆರಡು ಗೇಟುಗಳು

ಮಳೆಗಾಲ ಶುರುವಾಯಿತೆಂದರೆ ನಮ್ಮ ಕಡೆಯ ಪತ್ರಿಕೆಗಳ ಜಿಲ್ಲಾ ಪುಟದ ಮೂಲೆಯಲ್ಲಿ ಒಂದು ಪುಟ್ಟ ಚೌಕ ಕಾಣಿಸಿಕೊಳ್ಳುತ್ತದೆ. ತುಂಗಭದ್ರಾ ಜಲಾಶಯ: ಗರಿಷ್ಠ ಮಟ್ಟ 1633 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು. ಹೊಸಪೇಟೆ, ಕಂಪ್ಲಿ, ಗಂಗಾವತಿ, ಸಿಂಧನೂರಿನ ರೈತರು ಪತ್ರಿಕೆ ಕೈಗೆತ್ತಿಕೊಂಡರೆ ಮೊದಲು ನೋಡುವುದು ಆ ಚೌಕವನ್ನು. ರಾಜಕೀಯ, ಕ್ರಿಕೆಟ್ಟು ಎಲ್ಲ ಆಮೇಲೆ. ನೆಲ್ಲಿಗೆ ಸಸಿಮಡಿ ಹಾಕಬೇಕೋ ಬೇಡವೋ, ಎರಡನೇ ಬೆಳೆಗೆ ನೀರು ಸಿಕ್ಕೀತೋ ಇಲ್ಲವೋ, ಎಲ್ಲವೂ ಆ ನಾಲ್ಕು ಅಂಕಿಗಳ ಒಳಗೇ ಇದೆ. ನಾನೂ ಚಿಕ್ಕಂದಿನಿಂದ ಅದನ್ನು ಓದುತ್ತ ಬಂದವನೇ. ಆದರೆ ಆ ಅಂಕಿಗಳ ಹಿಂದೆ ಒಬ್ಬ ಮನುಷ್ಯನಿದ್ದಾನೆ, ಹೊತ್ತುಹೊತ್ತಿಗೆ ಅಳತೆಪಟ್ಟಿ ನೋಡಿ ಬರೆದಿಡುತ್ತಾನೆ, ಅಪರಾತ್ರಿಯಲ್ಲೂ ಮಳೆಯಲ್ಲೂ ಆ ಲೆಕ್ಕ ತಪ್ಪುವುದಿಲ್ಲ ಎಂಬುದು ತಲೆಗೆ ಹೊಳೆದದ್ದು ಮಾತ್ರ ಇತ್ತೀಚೆಗೆ. ಪತ್ರಿಕೆಯ ಪುಟ್ಟ ವರದಿಗೂ ‘ನಮ್ಮ ಪ್ರತಿನಿಧಿ’ ಎಂಬ ಒಕ್ಕಣೆ ಇರುತ್ತದೆ. ಈ ಚೌಕಕ್ಕೆ ಅಷ್ಟೂ ಇಲ್ಲ.

ಹೊಳೆಯುವಂತೆ ಮಾಡಿದ್ದು 2024ರ ಆಗಸ್ಟ್ 10ರ ಶನಿವಾರ ರಾತ್ರಿ. ಜಲಾಶಯ ತುಂಬಿತ್ತು. ಕಟ್ಟಿದಾಗ ಅದರಲ್ಲಿ 133 ಟಿಎಂಸಿ ನೀರು ಹಿಡಿಸುತ್ತಿತ್ತು. ಹೂಳು ಕೂತು ಕೂತು ಈಗಿನ ಲೆಕ್ಕ 105.788. ಬಾಗಿನದ ಮಾತು ನಡೆದಿದ್ದ ದಿನಗಳವು. ರಾತ್ರಿ ಹನ್ನೊಂದು ದಾಟಿದ ಹೊತ್ತಿಗೆ 19ನೇ ಕ್ರಸ್ಟ್ ಗೇಟಿನ ಚೈನ್ ಲಿಂಕ್ ತುಂಡಾಯಿತು. ಅರವತ್ತು ಅಡಿ ಅಗಲ, ಇಪ್ಪತ್ತು ಅಡಿ ಎತ್ತರದ ಉಕ್ಕಿನ ಬಾಗಿಲು ನೀರಿನ ಹೊಡೆತಕ್ಕೆ ಕೊಚ್ಚಿಹೋಯಿತು. ಅದೊಂದೇ ಬಾಯಿಂದ ಸುಮಾರು 35 ಸಾವಿರ ಕ್ಯೂಸೆಕ್ ನೀರು ಹೊರಗೆ ನುಗ್ಗಿತು. ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ಎತ್ತಬೇಕಾಯಿತು. ಕೈಗೆ ಬಂದಿದ್ದ ನೀರು, ಮೂವತ್ತು ಟಿಎಂಸಿಗೂ ಹೆಚ್ಚು, ವಾರದೊಳಗೆ ನದಿಯ ಪಾಲಾಯಿತು.

ಆ ವಾರ ಹೊಸಪೇಟೆಯಲ್ಲಿ ಬೇರೆ ಮಾತೇ ಇರಲಿಲ್ಲ. ಹೋಟೆಲಿನಲ್ಲಿ ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಿದ್ದವರ ಬಾಯಲ್ಲೂ ಸ್ಟಾಪ್‌ಲಾಗ್, ಅಂದರೆ ಹೋದ ಗೇಟಿನ ಜಾಗಕ್ಕೆ ಇಳಿಸುವ ತಾತ್ಕಾಲಿಕ ತಡೆ, ಎಂಬ ಪದ. ಗೇಟುಗಳ ಕೆಲಸದಲ್ಲೇ ಬದುಕು ಸವೆಸಿದ ಹಿರಿಯ ತಜ್ಞ ಕನ್ನಯ್ಯ ನಾಯ್ಡು ಬಂದರು. ಹರಿಯುವ ನೀರಿಗೇ ತಡೆ ಇಳಿಸುತ್ತೇನೆ ಎಂದರು. ನಾಲ್ಕು ನಾಲ್ಕು ಅಡಿ ಎತ್ತರದ ಐದು ತುಂಡುಗಳನ್ನು ತೋರಣಗಲ್ಲಿನ ಜಿಂದಾಲ್ ಮತ್ತು ಸುತ್ತಲಿನ ಎಂಜಿನಿಯರಿಂಗ್ ಘಟಕಗಳಲ್ಲಿ ಹಗಲಿರುಳು ಕೂತು ತಯಾರಿಸಿದರು. ಮೊದಲ ಯತ್ನ ಕೈಗೂಡಲಿಲ್ಲ. ಆಗಸ್ಟ್ 16ರ ರಾತ್ರಿ ಮೊದಲ ತುಂಡು ಕೂತಿತು, ಮರುದಿನ ಉಳಿದವೂ ಕೂತವು. ಕೆಳಗೆ ನೀರು ಬೋರ್ಗರೆಯುತ್ತಿದ್ದಾಗ ಮೇಲೆ ತೊಲೆಯ ಮೇಲೆ ನಿಂತು ದುಡಿದ ಕಾರ್ಮಿಕರನ್ನು ಮೂರು ರಾಜ್ಯಗಳ ರೈತರು ಕೊಂಡಾಡಿದರು. ಸಲ್ಲಬೇಕಾದ ಗೌರವವೇ ಅದು, ಒಂದು ಗುಂಜಿಯೂ ಹೆಚ್ಚಲ್ಲ.

ಆದರೆ ಆ ಅಣೆಕಟ್ಟಿಗೆ ಗೇಟುಗಳಿರುವುದು ಮೂವತ್ತಮೂರು. ಅಂದು ರಾತ್ರಿ ಮುರಿದದ್ದು ಒಂದು. ಉಳಿದ ಮೂವತ್ತೆರಡನ್ನು ನಡುರಾತ್ರಿಯಲ್ಲಿ ಎತ್ತಲು ಸಾಧ್ಯವಾದದ್ದರಿಂದಲೇ ಒತ್ತಡ ಇಳಿಯಿತು. ಅವು ಎದ್ದದ್ದು ಹೇಗೆ ಎಂದು ನಾವ್ಯಾರೂ ಕೇಳಲಿಲ್ಲ. ಎಪ್ಪತ್ತು ವರ್ಷದ ಹಿಂದೆ ಕೂರಿಸಿದ ಬಾಗಿಲುಗಳವು. ಅವುಗಳ ಚೈನಿಗೆ ಗ್ರೀಸ್ ಹಚ್ಚಿದವರು, ತುಕ್ಕು ಕೆರೆದು ಬಣ್ಣ ಬಳಿದವರು, ಮುಂಗಾರಿಗೆ ಮೊದಲು ಒಂದೊಂದನ್ನೂ ಎತ್ತಿ ಇಳಿಸಿ ಸದ್ದು ಕೇಳಿದವರು ಯಾರು? ಆ ಕೈಗಳಿಗೆ ಆ ವಾರದ ಸುದ್ದಿಯಲ್ಲಿ ಜಾಗವಿರಲಿಲ್ಲ. ಇದರಲ್ಲಿ ಪತ್ರಕರ್ತರನ್ನು ದೂರಿ ಪ್ರಯೋಜನವಿಲ್ಲ. ‘ಇಂದು 32 ಗೇಟುಗಳು ಸರಿಯಾಗಿ ಕೆಲಸ ಮಾಡಿದವು’ ಎಂಬುದು ಸುದ್ದಿಯಾಗುವುದು ಹೇಗೆ?

ತೊಡಕು ಇರುವುದೇ ಅಲ್ಲಿ. ಕೆಲವು ಕೆಲಸಗಳಿಗೆ ಫಲ ಕಣ್ಣಿಗೆ ಕಾಣುತ್ತದೆ. ಗೌಂಡಿ ಗೋಡೆ ಎಬ್ಬಿಸಿದರೆ ಗೋಡೆ ನಿಲ್ಲುತ್ತದೆ, ರೈತ ಬೆಳೆದರೆ ರಾಶಿ ಬೀಳುತ್ತದೆ. ಇನ್ನು ಕೆಲವು ಕೆಲಸಗಳ ಫಲವೇ ‘ಏನೂ ಆಗಲಿಲ್ಲ’ ಎಂಬುದು. ಕಾಲುವೆ ಒಡೆಯಲಿಲ್ಲ, ಲಿಫ್ಟು ನಿಲ್ಲಲಿಲ್ಲ, ಸಂಬಳದ ಬಿಲ್ಲು ತಡವಾಗಲಿಲ್ಲ, ಆಸ್ಪತ್ರೆಯ ಆಕ್ಸಿಜನ್ ಸಿಲಿಂಡರು ಖಾಲಿಯಾಗಲಿಲ್ಲ. ಇಂಥ ಫಲವನ್ನು ಬರೆದುಕೊಳ್ಳಲು ನಮ್ಮ ಯಾವ ರಿಜಿಸ್ಟರಿನಲ್ಲೂ ಕಾಲಂ ಇಲ್ಲ. ಹೀಗಾಗಿ ಆ ಕೆಲಸವನ್ನು ಒಬ್ಬ ಮನುಷ್ಯ ಚೆನ್ನಾಗಿ ಮಾಡಿದಷ್ಟೂ ಅವನು ಅಲ್ಲಿ ಯಾಕೆ ಇದ್ದಾನೆ ಎಂಬ ಪ್ರಶ್ನೆ ಮೇಲಿನವರಿಗೆ ಬರುತ್ತದೆ. ‘ಐದು ವರ್ಷದಿಂದ ಏನೂ ತೊಂದರೆ ಇಲ್ಲವಲ್ಲ, ಈ ಹುದ್ದೆ ಬೇಕೇ?’ ಎಂದು ಕಡತದಲ್ಲಿ ಷರಾ ಬೀಳುತ್ತದೆ. ತೊಂದರೆ ಇಲ್ಲದಿರುವುದಕ್ಕೆ ಆ ಹುದ್ದೆಯೇ ಕಾರಣ ಎಂದು ತಿಳಿಯುವುದು ಅದನ್ನು ತೆಗೆದ ಮೇಲೆ.

ನಾನು ಹಿಂದೆ ಕೆಲಸ ಮಾಡಿದ ಒಂದು ಕಚೇರಿಯಲ್ಲಿ ಇದನ್ನು ಕಣ್ಣಾರೆ ಕಂಡಿದ್ದೇನೆ. ಹಳೆಯ ಕಟ್ಟಡ, ಮೇಲೆ ಮಾಳಿಗೆ, ಪಕ್ಕದಲ್ಲಿ ದೊಡ್ಡ ಬೇವಿನ ಮರ. ಅಲ್ಲಿನ ಜವಾನರನ್ನು ನಾವೆಲ್ಲ ‘ತಾತ’ ಎನ್ನುತ್ತಿದ್ದೆವು. ಚಹಾ ತರುವುದು, ಫೈಲು ಒಯ್ಯುವುದು, ಬಾಗಿಲು ಹಾಕುವುದು, ಇಷ್ಟೇ ಅವರ ಕೆಲಸ ಎಂದು ತಿಳಿದಿದ್ದೆವು. ನಿವೃತ್ತಿಯ ದಿನ ಶಾಲು ಹೊದಿಸಿ, ಹಾರ ಹಾಕಿ, ಒಂದು ಗೋಡೆ ಗಡಿಯಾರ ಕೊಟ್ಟು ಕಳಿಸಿದೆವು. ಮೂರು ತಿಂಗಳ ಮೇಲೆ ಮೊದಲ ದೊಡ್ಡ ಮಳೆ ಬಿತ್ತು. ಮರುದಿನ ರೆಕಾರ್ಡ್ ರೂಮಿನ ಬೀಗ ತೆಗೆದರೆ ಮೊಣಕಾಲುದ್ದ ನೀರು. ನೆನೆದ ಕಡತಗಳನ್ನು ವಾರಗಟ್ಟಲೆ ಬಿಸಿಲಿಗೆ ಹರವಿದೆವು. ಆಮೇಲೆ ಗೊತ್ತಾಯಿತು: ಪ್ರತಿ ವರ್ಷ ರೋಹಿಣಿ ಮಳೆಗೆ ಮುಂಚೆ ತಾತ ಒಂದು ಭಾನುವಾರ ಬಂದು ಮಾಳಿಗೆ ಹತ್ತಿ ಬೇವಿನೆಲೆ ಕಟ್ಟಿಕೊಂಡ ನೀರಿನ ಕೊಳವೆಗಳನ್ನು ಬಿಡಿಸಿ ಹೋಗುತ್ತಿದ್ದರಂತೆ. ಯಾರೂ ಹೇಳಿರಲಿಲ್ಲ, ಯಾವ ಆದೇಶದಲ್ಲೂ ಅದು ಇರಲಿಲ್ಲ. ಅವರ ಕೆಲಸದ ಪಟ್ಟಿಯನ್ನು ಹೊಸಬರಿಗೆ ವಹಿಸಿಕೊಟ್ಟಾಗ ಅಲ್ಲಿ ಬರೆದಿರದ ಆ ಒಂದು ಕೆಲಸ ಮಾತ್ರ ಅವರೊಂದಿಗೇ ಮನೆಗೆ ಹೋಯಿತು. ತಪ್ಪು ಹೊಸಬನದು ಎಂದು ಅವನಿಗೆ ನೋಟಿಸು ಕೊಟ್ಟರು ಎಂಬುದನ್ನೂ ಹೇಳಿಬಿಡುತ್ತೇನೆ.

ಒಂದು ಸಣ್ಣ ಕೆಲಸ ತಪ್ಪಿದರೆ ಎಲ್ಲವೂ ಕೆಡುವುದಕ್ಕೆ ಅರ್ಥಶಾಸ್ತ್ರದವರು ಒಂದು ಲೆಕ್ಕ ಹಾಕಿದ್ದಾರೆ. 1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆ ಹಾರಿದ 73 ಸೆಕೆಂಡಿಗೆ ಸಿಡಿದು ಏಳು ಮಂದಿ ಸತ್ತರು. ಕಾರಣ, ಚಳಿಗೆ ಬಿರುಸಾದ ಒಂದು ರಬ್ಬರ್ ಉಂಗುರ, ‘ಓ-ರಿಂಗ್’. ಮೈಕೆಲ್ ಕ್ರೆಮರ್ ಎಂಬ ಅರ್ಥಶಾಸ್ತ್ರಜ್ಞ 1993ರಲ್ಲಿ ಬರೆದ ಒಂದು ಪ್ರಬಂಧಕ್ಕೆ ಆ ಉಂಗುರದ ಹೆಸರನ್ನೇ ಇಟ್ಟ. ಮುಂದೆ 2019ರಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡಫ್ಲೊ ಜೊತೆ ನೊಬೆಲ್ ಹಂಚಿಕೊಂಡವನು ಇವನೇ. ಅವನ ವಾದ ಸರಳ: ಅನೇಕ ಕೆಲಸಗಳಲ್ಲಿ ಒಬ್ಬೊಬ್ಬರ ದುಡಿಮೆ ಒಂದಕ್ಕೊಂದು ಕೂಡುವುದಿಲ್ಲ, ಗುಣಿಸುತ್ತದೆ. ಕೂಡುವ ಲೆಕ್ಕದಲ್ಲಿ ಒಂದು ಸೊನ್ನೆ ಬಂದರೆ ನಷ್ಟ ಅಷ್ಟಕ್ಕಷ್ಟೆ. ಗುಣಿಸುವ ಲೆಕ್ಕದಲ್ಲಿ ಒಂದು ಸೊನ್ನೆ ಬಂದರೆ ಎಲ್ಲವೂ ಸೊನ್ನೆ.

ಇದನ್ನು ನಮ್ಮ ಅಣೆಕಟ್ಟಿಗೇ ಹಚ್ಚಿ ನೋಡೋಣ, ಬರೀ ಉದಾಹರಣೆಗೆ. ಒಂದೊಂದು ಗೇಟೂ ನೂರಕ್ಕೆ ತೊಂಬತ್ತೊಂಬತ್ತು ಪಾಲು ಗಟ್ಟಿ ಎಂದುಕೊಳ್ಳಿ. ಪರೀಕ್ಷೆಯಲ್ಲಿ ಈ ಅಂಕ ಬಂದರೆ ಮನೆಯವರು ಪೇಡೆ ಹಂಚುತ್ತಾರೆ. ಆದರೆ ಮೂವತ್ತಮೂರೂ ಗೇಟುಗಳು ಒಟ್ಟಿಗೆ ನಿಲ್ಲುವ ಭರವಸೆ ಎಷ್ಟು? 0.99 ಅನ್ನು ಮೂವತ್ತಮೂರು ಸಲ ಗುಣಿಸಿದರೆ ಬರುವುದು ಸುಮಾರು 0.72. ಅಂದರೆ ನೂರಕ್ಕೆ ಎಪ್ಪತ್ತೆರಡು. ಇಷ್ಟು ದೊಡ್ಡ ಏರ್ಪಾಟಿನಲ್ಲಿ ‘ಸಣ್ಣ ಕೆಲಸ’ ಎಂಬುದೇ ಇಲ್ಲ. ಸಂಬಳ ಸಣ್ಣದಿರಬಹುದು, ಅದು ಬೇರೆ ಮಾತು.

ಗೇಟು ದಾಟಿ ನೀರಿನ ಹಿಂದೆಯೇ ಹೋದರೆ ಇಂಥವರ ಒಂದು ಸಾಲೇ ಸಿಗುತ್ತದೆ. ನಮ್ಮ ಹಳ್ಳಿಗಳಲ್ಲಿ ನೀರುಗಂಟಿ, ಇಲಾಖೆಯ ಮಾತಿನಲ್ಲಿ ಸೌಡಿ, ಮದ್ರಾಸಿನ ಕಾಲದಿಂದ ಉಳಿದು ಬಂದ ಹೆಸರು ಲಸ್ಕರ್, ಕಾಲುವೆಯ ದಂಡೆ ಕಾಯುವ ಗ್ಯಾಂಗ್‌ಮನ್. ಎಡದಂಡೆ ಕಾಲುವೆಯೊಂದೇ 227 ಕಿಲೋಮೀಟರ್ ಉದ್ದ. ಹೊಸಪೇಟೆಯಿಂದ ಕಂಪ್ಲಿಯವರೆಗೆ ವಿಜಯನಗರದ ಅರಸರ ಕಾಲದ ರಾಯ ಕಾಲುವೆ, ಬಸವಣ್ಣ ಕಾಲುವೆ, ತುರ್ತಾ ಕಾಲುವೆ, ರಾಮಸಾಗರ ಕಾಲುವೆ, ಕಂಪ್ಲಿ ಕಾಲುವೆಗಳು ಇವತ್ತಿಗೂ ಬಾಳೆಗೆ, ಕಬ್ಬಿಗೆ, ನೆಲ್ಲಿಗೆ ನೀರುಣಿಸುತ್ತಿವೆ. ಅರಮನೆ ಬಿದ್ದುಹೋಯಿತು, ಕಾಲುವೆ ಉಳಿಯಿತು ಎಂದು ಪ್ರವಾಸಿಗರಿಗೆ ಹೇಳುವುದು ನಮಗೊಂದು ಹೆಮ್ಮೆ. ಕಾಲುವೆ ತಾನಾಗಿ ಉಳಿಯುವುದಿಲ್ಲ. ಐನೂರು ವರ್ಷ ಪ್ರತಿ ವರ್ಷವೂ ಯಾರೋ ಹೂಳೆತ್ತಿದ್ದಾರೆ, ಜೊಂಡು ಕಿತ್ತಿದ್ದಾರೆ, ಏಡಿ ಕೊರೆದ ಬಿಲಕ್ಕೆ ಮಣ್ಣು ತುರುಕಿದ್ದಾರೆ, ರಾತ್ರಿ ತೂಬಿನ ಬಳಿ ನಿಂತು ಮೇಲಿನ ಗದ್ದೆಯವನಿಗೂ ಕೆಳಗಿನ ಗದ್ದೆಯವನಿಗೂ ಜಗಳ ಹತ್ತದಂತೆ ನೀರು ಹಂಚಿದ್ದಾರೆ. ಜಗಳ ಹತ್ತದಂತೆ ನೋಡಿಕೊಳ್ಳುವುದು ನೀರು ಬಿಡುವುದಕ್ಕಿಂತ ಕಷ್ಟದ ಕೆಲಸ ಎಂದು ಟೇಲ್ ಎಂಡಿನ ಯಾವ ರೈತನನ್ನು ಕೇಳಿದರೂ ಹೇಳುತ್ತಾನೆ.

ನದಿಗೆ ಲಕ್ಷ ಕ್ಯೂಸೆಕ್ ದಾಟಿ ನೀರು ಬಿಟ್ಟ ದಿನಗಳಲ್ಲಿ ಕಂಪ್ಲಿ ಮತ್ತು ಗಂಗಾವತಿ ನಡುವಿನ ಸೇತುವೆಗೆ ನೀರು ಬಂದು ಸಂಚಾರ ನಿಲ್ಲುತ್ತದೆ. ಮುಳುಗಿದ ಸೇತುವೆಯ ಚಿತ್ರ ಎಲ್ಲರ ಮೊಬೈಲಿಗೂ ಬರುತ್ತದೆ. ಅದಕ್ಕೂ ಮುಂಚೆ ನದಿ ದಂಡೆಯ ಊರುಗಳಲ್ಲಿ ಡಂಗುರ ಸಾರಿದವರ, ದನಕರು ಮೇಲಕ್ಕೆ ಹೊಡೆಸಿದವರ, ಬ್ಯಾರಿಕೇಡ್ ಹಾಕಿ ರಾತ್ರಿಯಿಡೀ ನಿಂತ ಹೋಂಗಾರ್ಡಿನ ಚಿತ್ರ ನಾನು ಕಂಡಿಲ್ಲ.

ಚರಿತ್ರೆಯೂ ಇವರ ಹೆಸರು ಕೇಳಲಿಲ್ಲ. ಕೃಷ್ಣದೇವರಾಯ ನಾಗಲಾಪುರದ, ಅಂದರೆ ಈಗಿನ ಹೊಸಪೇಟೆಯ ದಕ್ಷಿಣಕ್ಕೆ, ಸಂಡೂರು ಬೆಟ್ಟಗಳ ಕಣಿವೆಯ ಬಾಯಿಗೆ ಅಡ್ಡಲಾಗಿ ದೊಡ್ಡ ಕೆರೆ ಕಟ್ಟಿಸಿದ. ರಾಯರ ಕೆರೆ ಎಂದು ನಾವು ಕರೆಯುವುದು ಅದನ್ನೇ. ಆ ಕೆಲಸ ನಡೆಯುವುದನ್ನು ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪೇಸ್ ನೋಡಿದ್ದಾನೆ. ಹದಿನೈದು ಇಪ್ಪತ್ತು ಸಾವಿರ ಜನ ಇರುವೆಗಳ ಹಾಗೆ ಮುತ್ತಿಕೊಂಡು ನೆಲವೇ ಕಾಣದಂತಿತ್ತು ಎಂಬರ್ಥದಲ್ಲಿ ಬರೆದಿದ್ದಾನೆ. ಏರಿ ಎರಡು ಮೂರು ಸಲ ಒಡೆದದ್ದನ್ನೂ, ದೇವರಿಗೆ ರಕ್ತ ಬೇಕೆಂದು ಅರವತ್ತು ಜನರನ್ನು ಬಲಿ ಕೊಟ್ಟದ್ದನ್ನೂ ದಾಖಲಿಸಿದ್ದಾನೆ. ಅವನ ನಂತರ ಬರೆದ ನೂನಿಜ್, ರಾಯನಿಗೆ ನೆರವಾದ ಪೋರ್ಚುಗೀಸ್ ಕಲ್ಲುಕೆಲಸದ ಮೇಸ್ತ್ರಿ ಜೊಆವ್ ದೆ ಲಾ ಪೊಂತೆಯ ಹೆಸರು ಹೇಳುತ್ತಾನೆ. ಹೀಗೆ ಅರಸನ ಹೆಸರಿದೆ, ಮೇಸ್ತ್ರಿಯ ಹೆಸರಿದೆ, ಇಪ್ಪತ್ತು ಸಾವಿರ ಜನರಿಗೆ ಇರುವೆ ಎಂಬ ಉಪಮೆ ಇದೆ.

ಹಂಪಿಯಲ್ಲಿ ಒಂದೇ ಒಂದು ಕಡೆ ಇದು ತುಸು ತಿರುಗುಮುರುಗಾಗಿದೆ. ರಾಜಪ್ರಾಂಗಣದಲ್ಲಿ 1980ರ ದಶಕದ ಉತ್ಖನನದಲ್ಲಿ ಸಿಕ್ಕ ಮೆಟ್ಟಿಲ ಪುಷ್ಕರಣಿ ಇದೆಯಲ್ಲ, ಕಪ್ಪು ಕಲ್ಲಿನದು, ಅದರ ಕಲ್ಲುಗಳನ್ನು ಹತ್ತಿರದಿಂದ ನೋಡಿ. ಒಂದೊಂದರ ಮೇಲೂ ಅಕ್ಷರ, ಅಂಕೆಗಳ ಗುರುತು. ಯಾವ ದಿಕ್ಕಿನ, ಯಾವ ಸಾಲಿನ, ಎಷ್ಟನೇ ಮೆಟ್ಟಿಲ ಕಲ್ಲು ಎಂಬ ಸೂಚನೆ. ಕೆತ್ತಿದವನು ತನ್ನ ಹೆಸರು ಬರೆಯಲಿಲ್ಲ, ಮುಂದೆ ಕೂರಿಸುವವನಿಗೆ ದಾರಿ ಬರೆದ. ನನಗೆ ಆ ಗುರುತುಗಳು ಐವತ್ತರ ನೋಟಿನ ಮೇಲೆ ಅಚ್ಚಾದ ಕಲ್ಲಿನ ರಥಕ್ಕಿಂತ ಹೆಚ್ಚು ಇಷ್ಟ. ಕಚೇರಿಯ ತಾತ ಕೊಳವೆಯ ವಿಷಯ ಹೀಗೊಂದು ಕಲ್ಲಿನ ಮೇಲೆ ಬರೆದು ಹೋಗಿದ್ದರೆ ನಮ್ಮ ಕಡತಗಳು ನೆನೆಯುತ್ತಿರಲಿಲ್ಲ. ಬರೆಯಲು ಅವರಿಗೆ ನಾವು ಜಾಗ ಕೊಟ್ಟಿರಲಿಲ್ಲ, ಅಷ್ಟೆ.

ಕನ್ನಡದಲ್ಲಿ ಇದಕ್ಕೆ ಬೇರೆ ದಾರಿ ತೋರಿದವರು ಹನ್ನೆರಡನೇ ಶತಮಾನದ ಶರಣರು. ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ಹಡಪದ ಅಪ್ಪಣ್ಣ: ಮೊದಲು ಕಸುಬು, ಆಮೇಲೆ ಹೆಸರು. ಇವರಲ್ಲಿ ನುಲಿಯ ಚಂದಯ್ಯ ಹಗ್ಗ ಹೊಸೆಯುವವನು. ಕೆರೆಯಲ್ಲಿ ಹುಲ್ಲು ಕೊಯ್ಯುವಾಗ ಅವನ ಇಷ್ಟಲಿಂಗ ಜಾರಿ ಬಿತ್ತಂತೆ. ಚಂದಯ್ಯ ಹೊರೆ ಹೊತ್ತು ತನ್ನ ಪಾಡಿಗೆ ನಡೆದನಂತೆ, ಲಿಂಗವೇ ಅವನ ಹಿಂದೆ ಬಂತಂತೆ. ಹಗ್ಗ ಹೊಸೆಯುವವನನ್ನು ದೇವರೇ ಹಿಂಬಾಲಿಸುವ ಈ ಕತೆ, ಚೈನೊಂದು ತುಂಡಾಗಿ ಜಲಾಶಯವೇ ಖಾಲಿಯಾಗತೊಡಗಿದ ಊರಿನವನಿಗೆ ಬೇರೆಯೇ ಥರ ಕೇಳಿಸುತ್ತದೆ.

ಕಾಣದ ಕೆಲಸವೆಂದರೆ ಮೈಕೈ ಕೆಲಸ ಮಾತ್ರ ಎಂದುಕೊಳ್ಳಬಾರದು. ಸಂಡೂರಿನ ಗಣಿ ಹಗರಣ ಬಯಲಿಗೆ ಬಂದದ್ದು ಹೇಗೆ? 2011ರ ಜುಲೈಯಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆಯವರು ಕೊಟ್ಟ ವರದಿ ಎಂದು ಎಲ್ಲರಿಗೂ ಗೊತ್ತು. ಅದರ ಹಿಂದೆ ತನಿಖೆಯ ಹೊರೆ ಹೊತ್ತ ಅರಣ್ಯಾಧಿಕಾರಿ ಯು.ವಿ. ಸಿಂಗ್ ಅವರ ಹೆಸರು ಕೆಲವರಿಗೆ ಗೊತ್ತು. ಅವರ ಜೊತೆ ಕೂತು ಲಾರಿಯ ಪರ್ಮಿಟ್ಟು, ತೂಕದ ಚೀಟಿ, ಬಂದರಿನ ಲೆಕ್ಕ ಒಂದೊಂದನ್ನೂ ತಾಳೆ ನೋಡಿದವರು, ಗುಡ್ಡ ಹತ್ತಿ ಗಡಿ ಅಳೆದವರು ಯಾರಿಗೂ ಗೊತ್ತಿಲ್ಲ. ಕೊನೆಗೆ ದೊಡ್ಡವರನ್ನು ಕಟ್ಟಿಹಾಕಿದ್ದು ಆ ಚೀಟಿಗಳ ಲೆಕ್ಕ.

ಹಂಪಿ ಉತ್ಸವದ ಮರುದಿನ ಬೆಳಿಗ್ಗೆ ಆರಕ್ಕೆ ಅಲ್ಲಿ ಹೋಗಿ ನೋಡಿದರೂ ಸಾಕು. ರಾತ್ರಿ ಹಾಡಿದವರು ಬೆಂಗಳೂರಿನ ದಾರಿ ಹಿಡಿದಿರುತ್ತಾರೆ. ಪೌರಕಾರ್ಮಿಕರು ಪೊರಕೆ ಹಿಡಿದು ಸಾಲಾಗಿ ಬಂದಿರುತ್ತಾರೆ, ಅವರಲ್ಲಿ ಹೆಚ್ಚಿನವರು ಹೆಂಗಸರು. ಸಮಾಜಶಾಸ್ತ್ರಜ್ಞೆ ಅರ್ಲೀನ್ ಕಪ್ಲಾನ್ ಡೇನಿಯಲ್ಸ್ 1987ರಲ್ಲಿ ‘ಕಾಣದ ದುಡಿಮೆ’ ಎಂಬ ಹೆಸರು ಕೊಟ್ಟು ಬರೆದದ್ದು ಮುಖ್ಯವಾಗಿ ಹೆಂಗಸರ ಕೆಲಸದ ಬಗ್ಗೆಯೇ. ಸಂಬಳ ಇಲ್ಲದ್ದು, ಇದ್ದರೂ ಕೆಲಸವೆಂದು ಯಾರೂ ಎಣಿಸದ್ದು. ಕಚೇರಿಗಳಲ್ಲೂ ನೋಡಿ, ಹೊಸಬರಿಗೆ ಕಲಿಸುವುದು, ಸಭೆಯ ಟಿಪ್ಪಣಿ ಬರೆಯುವುದು, ಇಬ್ಬರು ಮಾತು ಬಿಟ್ಟರೆ ನಡುವೆ ನಿಂತು ಮಾತಾಡಿಸುವುದು ಯಾರ ಪಾಲಿಗೆ ಬಂದಿರುತ್ತದೆ ಎಂದು.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಕಾಣದ ಕೆಲಸವೆಲ್ಲ ಪವಿತ್ರ ಎಂದು ನಾನು ವಾದಿಸುತ್ತಿಲ್ಲ. ಕಾಣದಂತೆ ಇದ್ದು ಏನನ್ನೂ ಮಾಡದವರೂ ಪ್ರತಿ ಕಚೇರಿಯಲ್ಲಿದ್ದಾರೆ, ಅವರೂ ‘ನಮ್ಮನ್ನು ಯಾರೂ ಗುರುತಿಸುವುದಿಲ್ಲ’ ಎಂದೇ ಕೊರಗುತ್ತಾರೆ. ಇಬ್ಬರನ್ನೂ ಬೇರೆ ಮಾಡಲು ಒಂದೇ ದಾರಿ ನನಗೆ ಕಾಣುವುದು: ಹೋಗಿ ನೋಡುವುದು. ಜಲಾಶಯದ ಗೇಟಿನ ಮೇಲೆ, ಕಾಲುವೆಯ ದಂಡೆಯ ಮೇಲೆ, ಮಾಳಿಗೆಯ ಮೇಲೆ.

ಗುರುತಿಸುವುದು ಎಂದರೆ ಶಾಲು ಹೊದಿಸುವುದು ಎಂದು ನಾವು ತಿಳಿದುಕೊಂಡಿದ್ದೇವೆ. ಕೊರೊನಾ ಕಾಲದಲ್ಲಿ ಆಶಾ ಕಾರ್ಯಕರ್ತೆಯರನ್ನು, ಪೌರಕಾರ್ಮಿಕರನ್ನು ‘ವಾರಿಯರ್ಸ್’ ಎಂದು ಕರೆದು ಹೂ ಎರಚಿದೆವು, ಆಮೇಲೆ ಅವರು ಗೌರವಧನಕ್ಕಾಗಿ ಬೀದಿಯಲ್ಲಿ ಕೂತಾಗ ದಾರಿ ಬದಲಿಸಿ ಹೋದೆವು. ಕಾಲುವೆ ಕಾಯುವ ಗ್ಯಾಂಗ್‌ಮನ್‌ಗಳು ಬಾಕಿ ಸಂಬಳಕ್ಕಾಗಿ ಧರಣಿ ಕೂರುವುದು ನಮ್ಮ ಕಡೆ ಹೊಸ ಸುದ್ದಿಯಲ್ಲ. ಒಂದೇ ಕಾಲುವೆಯನ್ನು ಇಪ್ಪತ್ತು ವರ್ಷ ನೋಡಿದವನಿಗೆ ಅದರ ಯಾವ ಮೈಲಿಯಲ್ಲಿ ದಂಡೆ ಮೆತ್ತಗಿದೆ ಎಂಬುದು ಪಾದಕ್ಕೇ ಗೊತ್ತಿರುತ್ತದೆ. ಹೊರಗುತ್ತಿಗೆಯ ಏಜೆನ್ಸಿ ವರ್ಷಕ್ಕೊಮ್ಮೆ ಬದಲಾಗಿ ಜನರೂ ಬದಲಾದರೆ ಆ ತಿಳಿವಳಿಕೆ ಎಲ್ಲಿಯೂ ಜಮೆಯಾಗುವುದಿಲ್ಲ. ಸಂಬಳ ಹೊತ್ತಿಗೆ ಸರಿಯಾಗಿ ಕೊಡುವುದು, ಹುದ್ದೆ ಖಾಲಿ ಬಿಡದಿರುವುದು, ನಿವೃತ್ತಿಗೆ ಆರು ತಿಂಗಳ ಮುಂಚೆಯೇ ಮುಂದಿನವನನ್ನು ಜೊತೆಗೆ ಹಾಕುವುದು ಗುರುತಿಸುವಿಕೆ. ಶಾಲು ಆಮೇಲೆ ಹೊದಿಸಿದರೂ ನಡೆಯುತ್ತದೆ.

ಹೊಸಪೇಟೆಗೆ ಇದು ಇನ್ನಷ್ಟು ನೋವಿನ ವಿಷಯ. ಅಣೆಕಟ್ಟಿನ ಪಕ್ಕದಲ್ಲೇ ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್ ಎಂಬ ಕಾರ್ಖಾನೆ ಇತ್ತು, 1960ರಲ್ಲಿ ಕಂಪನಿಯಾದದ್ದು. ದೇಶದ ಎಷ್ಟೋ ಜಲಾಶಯಗಳಿಗೆ ಗೇಟು ಮಾಡಿಕೊಟ್ಟ ಊರು ನಮ್ಮದು. ನಷ್ಟದಲ್ಲಿದೆ ಎಂದು 2015ರ ಡಿಸೆಂಬರಿನಲ್ಲಿ ಕೇಂದ್ರ ಸಂಪುಟ ಅದನ್ನು ಮುಚ್ಚಲು ಒಪ್ಪಿತು. ಒಂಬತ್ತು ವರ್ಷ ತುಂಬುವ ಮೊದಲೇ ನಮ್ಮದೇ ಗೇಟು ಹೋಯಿತು. ನಷ್ಟದ ಲೆಕ್ಕ ಹಾಕಿದವರು ತಪ್ಪು ಹಾಕಿರಲಿಕ್ಕಿಲ್ಲ. ಆದರೆ ಗೇಟು ಮಾಡಬಲ್ಲ ಕೈಗಳು ಅಣೆಕಟ್ಟಿನ ಬುಡದಲ್ಲೇ ಇರುವುದರ ಬೆಲೆಯನ್ನು ಲಾಭದ ಕಾಲಂನಲ್ಲಿ ಅವರು ಎಲ್ಲಿ ಬರೆಯಬೇಕಿತ್ತು?

19ನೇ ಗೇಟು ಮುರಿದ ಮೇಲೆ ಎ.ಕೆ. ಬಜಾಜ್ ನೇತೃತ್ವದ ತಜ್ಞರ ಸಮಿತಿ ಬಂದು ನೋಡಿ, ಎಲ್ಲ ಮೂವತ್ತಮೂರನ್ನೂ ಬದಲಿಸಬೇಕು ಎಂದಿತು. ಮರುವರ್ಷ ಇನ್ನೂ ಕೆಲವು ಗೇಟುಗಳು ಬಾಗಿವೆ ಎಂಬ ಸುದ್ದಿ ಬಂತು, 2025ರಲ್ಲಿ ಸಂಗ್ರಹವನ್ನು 80 ಟಿಎಂಸಿಗೆ ಮಿತಿಗೊಳಿಸಿದರು. ಹೊಸ ಗೇಟುಗಳಿಗೂ ಗ್ರೀಸ್ ಬೇಕು.

2024ರ ಸೆಪ್ಟೆಂಬರಿನಲ್ಲಿ ಮಳೆರಾಯ ಕೈಬಿಡಲಿಲ್ಲ, ಜಲಾಶಯ ಮತ್ತೆ ತುಂಬಿತು, ಮುಖ್ಯಮಂತ್ರಿ ಸಿದ್ದರಾಮಯ್ಯ ಬಂದು ಬಾಗಿನ ಅರ್ಪಿಸಿದರು. ಮುಂದೆಯೂ ತುಂಬುತ್ತದೆ, ಮುಂದೆಯೂ ಯಾರಾದರೊಬ್ಬ ಮುಖ್ಯಮಂತ್ರಿ ಮೊರದಲ್ಲಿ ಅರಿಸಿನ ಕುಂಕುಮ, ಬಳೆ, ಸೀರೆ ಇಟ್ಟು ನೀರಿಗೆ ಬಿಡುತ್ತಾರೆ, ಹಿಂದೆ ಶಾಸಕರು, ಮುಖಂಡರು ಒತ್ತೊತ್ತಾಗಿ ನಿಲ್ಲುತ್ತಾರೆ. ಮುಂದಿನ ಬಾಗಿನದ ವ್ಯವಸ್ಥೆ ನೋಡಿಕೊಳ್ಳುವ ಅಧಿಕಾರಿಗಳಲ್ಲಿ ಒಂದು ಕೋರಿಕೆ: ಆ ದಿನ ಗೇಟು ಎತ್ತುವ, ಇಳಿಸುವ, ಮಟ್ಟ ಬರೆಯುವ ನಾಲ್ಕು ಜನರನ್ನು ಮೊದಲ ಸಾಲಿಗೆ ಕರೆಯಿರಿ. ಅವರ ಹಿಂದಿನ ತಿಂಗಳ ಸಂಬಳ ಆಗಿದೆಯೇ ಎಂದು ಹಿಂದಿನ ದಿನವೇ ವಿಚಾರಿಸಿರಿ.